ಕುಡಿದು ಓಡಿಸಿದ ಕೇಸು: ಕಡತ ಎಲ್ಲಿರುತ್ತದೆ, ಹೇಗೆ ಸಿಗುತ್ತದೆ

ಶಾಲಾ ವ್ಯಾನಿಗೆ ಚಾಲಕ ಬೇಕಾದವರು, ಮೆಕ್ಕೆಜೋಳದ ಲಾರಿ ಇಟ್ಟವರು, ಹೆಣ್ಣು ಕೊಡುವ ಮನೆಯವರು, ಅಪಘಾತದ ಪರಿಹಾರಕ್ಕೆ ಅಲೆಯುವವರು ಎಲ್ಲರೂ ವಕೀಲರ ಹತ್ತಿರ ಕೇಳುವುದು ಒಂದೇ: ‘ಆ ಮನುಷ್ಯನ ಮೇಲೆ ಡ್ರಂಕ್ ಅಂಡ್ ಡ್ರೈವ್ ಕೇಸ್ ಇದೆಯಾ, ಸ್ವಲ್ಪ ನೋಡಿ ಹೇಳ್ತೀರಾ ಸಾರ್?’ ನೋಡುವುದಕ್ಕೆ ವಕೀಲರೇ ಆಗಬೇಕಿಲ್ಲ, ದುಡ್ಡೂ ಬೇಡ. ತೊಂದರೆ ಏನೆಂದರೆ, ಬಹಳ ಜನ ಬೇರೆಲ್ಲೋ ಹುಡುಕಿ ಏನೂ ಸಿಗದೆ ‘ಕೇಸಿಲ್ಲ’ ಎಂದುಕೊಳ್ಳುತ್ತಾರೆ. ಇಲ್ಲವೇ ಅದೇ ಹೆಸರಿನ ಇನ್ನೊಬ್ಬನ ಕೇಸು ಕಂಡು ‘ಇದೆ’ ಎಂದು ಸಾರಿಬಿಡುತ್ತಾರೆ. ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದ್ದು.

ಮೊದಲು ಚಲನ್ ಜಾಲತಾಣವನ್ನು ಮರೆಯಿರಿ. ಹೆಲ್ಮೆಟ್, ಸಿಗ್ನಲ್‌ನಂಥ ಉಲ್ಲಂಘನೆಗಳಿಗೆ ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನಡಿ ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಬಹುದು. ಕುಡಿದು ಓಡಿಸುವುದು 185ನೇ ಕಲಮು. ಅದಕ್ಕೆ ಈ ರಾಜಿ ಇಲ್ಲ. ಪೊಲೀಸರು ದಂಡ ಕಟ್ಟಿಸಿಕೊಂಡು ಬಿಡುವಂತಿಲ್ಲ, ಮ್ಯಾಜಿಸ್ಟ್ರೇಟರ ಮುಂದೆಯೇ ಹೋಗಬೇಕು. ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸೆರೆ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ, ಸೆರೆ 2 ವರ್ಷದವರೆಗೆ. ಹಾಗಾಗಿ ಚಲನ್ ಪಟ್ಟಿ ಖಾಲಿ ಇದ್ದ ಮಾತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಹುಡುಕಬೇಕಾದದ್ದು ನ್ಯಾಯಾಲಯದ ದಾಖಲೆ.

ಯಾವ ನ್ಯಾಯಾಲಯ? ಎಲ್ಲಿ ಹಿಡಿದರೋ ಅಲ್ಲಿಯದು. ಗಾಡಿ ಕೆಎ-17 ಇರಬಹುದು, ಮನೆ ದಾವಣಗೆರೆಯ ವಿದ್ಯಾನಗರದಲ್ಲಿರಬಹುದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರಿನ ಹತ್ತಿರ ಊದಿಸಿ ಹಿಡಿದಿದ್ದರೆ ಕೇಸು ಹಿರಿಯೂರಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಲ್ಲಿ. ಹರಿಹರ ದಾಟಿ ರಾಣೆಬೆನ್ನೂರಿನ ಕಡೆ ಸಿಕ್ಕಿದ್ದರೆ ಹಾವೇರಿ ಜಿಲ್ಲೆಯ ಪಟ್ಟಿಯಲ್ಲಿ. ಹೆದ್ದಾರಿ ಚಾಲಕರ ವಿಷಯದಲ್ಲಿ ದಾವಣಗೆರೆ ಒಂದನ್ನೇ ನೋಡಿ ಸುಮ್ಮನಾದರೆ ಅರ್ಧ ಕೆಲಸವೂ ಆಗಿಲ್ಲ. ಅವರು ಓಡಾಡುವ ದಾರಿಯ ಜಿಲ್ಲೆಗಳನ್ನೆಲ್ಲ ಒಂದೊಂದಾಗಿ ನೋಡಬೇಕು.

ಜಿಲ್ಲೆಯ ಗಡಿಯೂ ಕಾಡುತ್ತದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಹೊನ್ನಾಳಿ, ಚನ್ನಗಿರಿ ಬಂದದ್ದು ಶಿವಮೊಗ್ಗದಿಂದ. ಹರಪನಹಳ್ಳಿ ಬಳ್ಳಾರಿಯಿಂದ ಬಂದು, 2018ರಲ್ಲಿ ಹಿಂದಿರುಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಹರಪನಹಳ್ಳಿಯ ಕೇಸು ಹುಡುಕುವವರು ಒಂದೇ ಜಿಲ್ಲೆಯ ಹೆಸರು ಒತ್ತಿ ನಿಲ್ಲಬಾರದು. ಹೈಕೋರ್ಟಿಗೆ ಹೋದ ಕೇಸಾದರೆ ದಾವಣಗೆರೆ, ಚಿತ್ರದುರ್ಗದವು ಬೆಂಗಳೂರಿನ ಪ್ರಧಾನ ಪೀಠಕ್ಕೆ ಹೋಗುತ್ತವೆ, ಪಕ್ಕದ ಹಾವೇರಿಯವು ಧಾರವಾಡ ಪೀಠಕ್ಕೆ.

ಇನ್ನು ಹುಡುಕಾಟ. ಇ-ಕೋರ್ಟ್ಸ್ ಸರ್ವಿಸಸ್ ಜಾಲತಾಣವನ್ನೋ ಮೊಬೈಲ್ ಆ್ಯಪನ್ನೋ ತೆರೆದು ‘ಕೇಸ್ ಸ್ಟೇಟಸ್’ ಒತ್ತಿ. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ, ಈ ಕ್ರಮದಲ್ಲಿ ಆಯ್ಕೆ ಬರುತ್ತದೆ. ಸಂಕೀರ್ಣದೊಳಗೆ ಮತ್ತೆ ಯಾವ ನ್ಯಾಯಾಲಯ ಎಂದು ಕೇಳಿದರೆ ಜಿಲ್ಲಾ ಮತ್ತು ಸತ್ರ ನ್ಯಾಯಾಲಯವನ್ನು ಆರಿಸಬೇಡಿ. ಅಲ್ಲಿರುವುದು ಮೇಲ್ಮನವಿ ಮತ್ತು ದೊಡ್ಡ ಕೇಸುಗಳು. 185ರ ಕೇಸು ಇರುವುದು ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳಲ್ಲಿ.

ಸಿಎನ್‌ಆರ್ ನಂಬರ್ ಗೊತ್ತಿದ್ದರೆ ಇದಾವುದೂ ಬೇಡ. ಅದು ಪ್ರತಿ ಕೇಸಿಗೂ ಬೇರೆಬೇರೆಯಾಗಿ ಕೊಡುವ 16 ಅಕ್ಷರ-ಅಂಕಿಗಳ ಗುರುತು. ಕರ್ನಾಟಕದ್ದಾದರೆ ‘ಕೆಎ’ಯಿಂದ ಶುರುವಾಗುತ್ತದೆ, ಕೊನೆಯ ನಾಲ್ಕು ಅಂಕಿ ಇಸವಿ. ನಡುವೆ ಅಡ್ಡಗೆರೆ, ಖಾಲಿ ಜಾಗ ಬಿಡದೆ ಒಂದೇ ಉಸಿರಿಗೆ ಹಾಕಬೇಕು.

ಸಾಮಾನ್ಯವಾಗಿ ಗೊತ್ತಿರುವುದು ಹೆಸರು ಮಾತ್ರ. ಹೆಸರಿನಿಂದ ಹುಡುಕಲು ಕನಿಷ್ಠ 3 ಅಕ್ಷರ, ಕೇಸು ದಾಖಲಾದ ಇಸವಿ, ಮತ್ತು ಬಾಕಿ ಇರುವುದೋ ಮುಗಿದಿರುವುದೋ ಎಂಬ ಗುಂಡಿ ಬೇಕು. ಆ ಗುಂಡಿ ‘ಪೆಂಡಿಂಗ್’ ಮೇಲೆ ನಿಂತಿದ್ದರೆ ದಂಡ ಕಟ್ಟಿ ಮುಗಿದ ಕೇಸು ಒಂದೂ ಕಾಣುವುದಿಲ್ಲ. ಕುಡಿದು ಓಡಿಸಿದ ಕೇಸುಗಳು ಬೇಗ ಮುಗಿಯುವ ಜಾತಿಯವಾದ್ದರಿಂದ ‘ಡಿಸ್ಪೋಸ್ಡ್’ ನೋಡಲೇಬೇಕು. ಇಸವಿಯೂ ಅಷ್ಟೆ: ಡಿಸೆಂಬರ್ 31ರ ರಾತ್ರಿ ಹಿಡಿದದ್ದು ಮುಂದಿನ ಇಸವಿಯಲ್ಲೇ ನ್ಯಾಯಾಲಯಕ್ಕೆ ಬರುತ್ತದೆ.

ನಮ್ಮ ಸೀಮೆಯ ಹೆಸರುಗಳದೇ ಒಂದು ಕಥೆ. ಚಿತ್ರದುರ್ಗದ ಕಡೆ ತಿಪ್ಪೇಸ್ವಾಮಿ ಎಂಬ ಹೆಸರಿಗೆ ಲೆಕ್ಕವಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಠಾಣಾ ಬರಹಗಾರ ‘ಟಿ’ಯ ಮುಂದೆ ‘ಎಚ್’ ಹಾಕುತ್ತಾನೆ, ಇನ್ನೊಬ್ಬ ಬಿಡುತ್ತಾನೆ. ಕೊನೆಯಲ್ಲಿ ‘ವೈ’ಯೋ ‘ಐ’ಯೋ ಅದೂ ಅವರವರ ಇಷ್ಟ. ಅದಕ್ಕೆ ಪೂರ್ತಿ ಹೆಸರು ಹಾಕಬೇಡಿ. ಬದಲಾಗದ ತುಂಡನ್ನು ಹಾಕಿ: ‘ಐ, ಪಿ, ಪಿ, ಇ, ಎಸ್’ ಐದೇ ಅಕ್ಷರ ಸಾಕು. ಮಂಜುನಾಥನಿಗೆ ಕೊನೆಯ ‘ಎ’ ಬಿಟ್ಟು ‘ಎಚ್’ವರೆಗೆ ಹಾಕಿದರೆ ಎರಡೂ ರೂಪ ಸಿಗುತ್ತವೆ. ಇನಿಶಿಯಲ್ ಹಿಂದೆಯೋ ಮುಂದೆಯೋ, ಚುಕ್ಕೆ ಇದೆಯೋ ಇಲ್ಲವೋ ಎಂದು ತಲೆಕೆಡಿಸಿಕೊಳ್ಳದೆ ಅದನ್ನು ಕೈಬಿಡಿ. ಪಟ್ಟಿ ಉದ್ದವಾಗುತ್ತದೆ, ನಿಜ. ಉದ್ದದ ಪಟ್ಟಿಯನ್ನು ಜರಡಿ ಹಿಡಿಯಬಹುದು, ಬಾರದೇ ಹೋದ ಹೆಸರನ್ನು ಏನು ಮಾಡಲೂ ಆಗದು.

ಜರಡಿ ಹಿಡಿಯಲು ಇನ್ನೊಂದು ದಾರಿ ಕಾಯ್ದೆಯ ಮೂಲಕ ಹುಡುಕುವುದು. ‘ಆ್ಯಕ್ಟ್’ ಎಂಬ ಆಯ್ಕೆಯಲ್ಲಿ ಮೋಟಾರು ವಾಹನ ಕಾಯ್ದೆ ಆರಿಸಿ ಕಲಮಿನ ಜಾಗದಲ್ಲಿ 185 ಹಾಕಿದರೆ ಆ ನ್ಯಾಯಾಲಯದ ಅಂಥ ಕೇಸುಗಳು ಬರುತ್ತವೆ. ಕಾಯ್ದೆಯ ಹೆಸರನ್ನು ದಾಖಲಿಸುವಾಗ ಒಂದೇ ರೀತಿ ಬರೆದಿರುವುದಿಲ್ಲ; ಪಟ್ಟಿಯಲ್ಲಿ ಎರಡು ಮೂರು ರೂಪ ಕಂಡರೆ ಎಲ್ಲವನ್ನೂ ಒಮ್ಮೊಮ್ಮೆ ಒತ್ತಿ ನೋಡಿ. ಅಪಘಾತವಾಗಿದ್ದರೆ ಎಫ್‌ಐಆರ್ ಸಂಖ್ಯೆಯ ಹುಡುಕಾಟ ಎಲ್ಲಕ್ಕಿಂತ ನೇರ: ಠಾಣೆ, ಸಂಖ್ಯೆ, ಇಸವಿ ಮೂರೇ. ಎಫ್‌ಐಆರ್‌ಗಳನ್ನು ಜಾಲತಾಣದಲ್ಲಿ ಹಾಕಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವು ರಾಜ್ಯ ಪೊಲೀಸ್ ಜಾಲತಾಣದಲ್ಲಿ ಸಿಗುತ್ತವೆ. ಆದರೆ ಅಪಘಾತವಿಲ್ಲದೆ ಬರೀ ತಪಾಸಣೆಯಲ್ಲಿ ಸಿಕ್ಕವರ ಮೇಲೆ ಎಷ್ಟೋ ಸಲ ಎಫ್‌ಐಆರ್ ಇರುವುದೇ ಇಲ್ಲ. ಸಂಚಾರ ಠಾಣೆಯವರು ಲಘು ಪ್ರಕರಣವೆಂದು ನೇರವಾಗಿ ನ್ಯಾಯಾಲಯಕ್ಕೆ ವರದಿ ಕೊಡುತ್ತಾರೆ.

ಪಟ್ಟಿಯಲ್ಲಿ ಕೇಸಿನ ಬಗೆ ಎಂವಿಸಿ ಎಂದು ಕಂಡರೆ ಗಾಬರಿಯಾಗಬೇಡಿ. ಅದು ಅಪಘಾತ ಪರಿಹಾರದ ಅರ್ಜಿ. ಅದರಲ್ಲಿ ಮಾಲೀಕ, ಚಾಲಕ, ವಿಮಾ ಕಂಪನಿ ಎದುರುದಾರರಾಗಿರುವುದು ವಾಡಿಕೆ. ಕುಡಿತಕ್ಕೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಕುಡಿದು ಅಪಘಾತ ಮಾಡಿದ ಕ್ರಿಮಿನಲ್ ಕೇಸು ಸಿಸಿ (ಕ್ರಿಮಿನಲ್ ಕೇಸ್) ನಂಬರಿನಲ್ಲಿರುತ್ತದೆ, 185ರ ಜೊತೆಗೆ ಅಜಾಗರೂಕ ಚಾಲನೆ, ಗಾಯ, ಸಾವಿಗೆ ಸಂಬಂಧಿಸಿದ ಇನ್ನೂ ಕೆಲವು ಕಲಮು ಅಂಟಿಕೊಂಡಿರುತ್ತವೆ. 2024ರ ಜುಲೈ 1ಕ್ಕೆ ಮುಂಚಿನ ಘಟನೆಯಾದರೆ ಭಾರತೀಯ ದಂಡಸಂಹಿತೆಯ 279, 337, 338, ಸಾವಾಗಿದ್ದರೆ 304ಎ. ಅಂದಿನಿಂದೀಚಿನದಾದರೆ ಭಾರತೀಯ ನ್ಯಾಯ ಸಂಹಿತೆಯ 281, 125, ಸಾವಾಗಿದ್ದರೆ 106.

ಕೇಸಿನ ಪುಟ ತೆರೆದ ಮೇಲೆ ಓದುವ ಬಗೆ ಬೇರೆ. ‘ಕೇಸ್ ಡಿಸ್ಪೋಸ್ಡ್’ ಅಂದರೆ ಶಿಕ್ಷೆಯಾಗಿದೆ ಎಂದಲ್ಲ. ಕೇಸು ಮುಗಿದಿದೆ ಎಂದಷ್ಟೆ. ಹೇಗೆ ಮುಗಿಯಿತು ಎಂಬುದು ಅದರ ಕೆಳಗಿನ ಸಾಲಿನಲ್ಲಿದೆ: ತಪ್ಪೊಪ್ಪಿಗೆಯೋ, ಖುಲಾಸೆಯೋ, ಶಿಕ್ಷೆಯೋ. ಆ ಸಾಲನ್ನು ಕಂಪ್ಯೂಟರಿಗೆ ಏರಿಸುವಾಗ ತಪ್ಪಾಗುವುದುಂಟು. ಹಾಗಾಗಿ ವಿಚಾರಣೆಯ ದಿನಾಂಕಗಳ ಪಟ್ಟಿಗೆ ಇಳಿದು ನೀಲಿ ಬಣ್ಣದಲ್ಲಿರುವ ದಿನಾಂಕದ ಮೇಲೆ ಒತ್ತಿ. ಅದು ತೆರೆಯುತ್ತದೆ ಎಂಬುದೇ ಅನೇಕರಿಗೆ ಗೊತ್ತಿಲ್ಲ. ‘ಆರೋಪಿ ಹಾಜರು, ಆರೋಪ ಓದಿ ಹೇಳಲಾಯಿತು, ತಪ್ಪು ಒಪ್ಪಿಕೊಂಡರು’ ಎಂಬಂಥ ಆ ದಿನದ ಟಿಪ್ಪಣಿ ಅಲ್ಲಿ ಸಿಗುತ್ತದೆ. ಮನುಷ್ಯ ಅವನೇ ಎನ್ನಲು ಹೆಸರೊಂದೇ ಸಾಲದು. ತಂದೆಯ ಹೆಸರು, ಊರು, ಗಾಡಿ ನಂಬರ್ ಕೂಡಿಬರಬೇಕು. ಇವು ಜಾಲತಾಣದಲ್ಲಿ ಇರುವುದು ಅಪರೂಪ, ಕಡತದಲ್ಲಿರುತ್ತವೆ. ಅಲ್ಲಿಯವರೆಗೆ ಪರದೆಯ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಉತ್ಸಾಹ ತಡೆದುಕೊಳ್ಳುವುದು ಒಳ್ಳೆಯದು.

ಏನೂ ಸಿಗದಿದ್ದರೆ? ಠಾಣೆಯಿಂದ ವರದಿ ಇನ್ನೂ ನ್ಯಾಯಾಲಯಕ್ಕೆ ಬಂದಿರದೆ ಇರಬಹುದು. 6 ತಿಂಗಳ ಶಿಕ್ಷೆಯ ಅಪರಾಧಕ್ಕೆ ನ್ಯಾಯಾಲಯ ಕೇಸು ತೆಗೆದುಕೊಳ್ಳಲು 1 ವರ್ಷದ ಕಾಲಮಿತಿ ಇದೆ. ಎರಡನೆಯ ಸಲದ್ದಾದರೆ ಶಿಕ್ಷೆ 2 ವರ್ಷವಾದ್ದರಿಂದ ಕಾಲಮಿತಿ 3 ವರ್ಷ. ಹಿಡಿದ ದಿನ ಗೊತ್ತಿದ್ದರೆ ಆ ಅವಧಿ ಮುಗಿಯುವವರೆಗೆ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿ. ಓಡಿಸಿದವನು ಅಪ್ರಾಪ್ತನಾಗಿದ್ದರೆ ಅವನ ಗುರುತು ಎಲ್ಲೂ ಹೊರಬರಬಾರದು, ಬಾಲನ್ಯಾಯ ಕಾಯ್ದೆಯ 74ನೇ ಕಲಮು ಅದನ್ನು ತಡೆಯುತ್ತದೆ. ತೀರಾ ಹಳೆಯ ಲಘು ಪ್ರಕರಣಗಳ ಕಡತಗಳನ್ನು ನಿಯಮದಂತೆ ಅವಧಿ ಮುಗಿದ ಮೇಲೆ ನಾಶ ಮಾಡುತ್ತಾರೆ.

ಕೆಲಸಕ್ಕೆ ಇಟ್ಟುಕೊಳ್ಳುವವರಿಗೆ ಈ ಎಲ್ಲ ಸರ್ಕಸ್ಸಿಗಿಂತ ಸುಲಭದ ದಾರಿ ಇದೆ: ಅಭ್ಯರ್ಥಿಯಿಂದಲೇ ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪತ್ರ ತರಿಸಿಕೊಳ್ಳುವುದು.

ವಿಮೆಗೋ ಮೇಲ್ಮನವಿಗೋ ಬೇಕಾದವರಿಗೆ ಜಾಲತಾಣದ ಮುದ್ರಣ ಸಾಕ್ಷ್ಯವಾಗುವುದಿಲ್ಲ, ದೃಢೀಕೃತ ನಕಲೇ ಬೇಕು. ಕೇಸ್ ನಂಬರ್, ಉಭಯ ಪಕ್ಷದ ಹೆಸರು, ಮುಗಿದ ದಿನಾಂಕ, ಯಾವ ಯಾವ ಕಾಗದ ಬೇಕು ಎಂಬುದನ್ನು ಬರೆದು ಕೋರ್ಟ್ ಫೀ ಹಚ್ಚಿ ಆ ನ್ಯಾಯಾಲಯದ ನಕಲು ವಿಭಾಗಕ್ಕೆ ಅರ್ಜಿ ಕೊಡಬೇಕು. ‘ಎಲ್ಲ ದಾಖಲೆ’ ಎಂದು ಬರೆದರೆ ಅರ್ಜಿ ವಾಪಸಾಗುವುದೇ ಹೆಚ್ಚು. ಆದೇಶ ಹಾಳೆ, ದೋಷಾರೋಪ ಪಟ್ಟಿ, ತೀರ್ಪು ಎಂದು ಬಿಡಿಬಿಡಿಯಾಗಿ ಬರೆಯಿರಿ. ಕೇಸಿಗೆ ಸಂಬಂಧವಿಲ್ಲದ ಮೂರನೆಯವರಾದರೆ ಯಾಕೆ ಬೇಕು ಎಂಬುದಕ್ಕೆ ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಬೇಕು, ನ್ಯಾಯಾಧೀಶರ ಅನುಮತಿಯ ಮೇಲೆ ನಕಲು ಸಿಗುತ್ತದೆ. ಮಾಹಿತಿ ಹಕ್ಕಿನಲ್ಲಿ ಕೇಳಿ ದಿನ ಕಳೆಯಬೇಡಿ. ನ್ಯಾಯಾಂಗ ಕಡತದ ನಕಲನ್ನು ನ್ಯಾಯಾಲಯದ ನಿಯಮದಂತೆಯೇ ಪಡೆಯಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ.

ತಪ್ಪೊಪ್ಪಿಕೊಂಡ ಕೇಸಿನಲ್ಲಿ ಹತ್ತು ಪುಟದ ತೀರ್ಪು ನಿರೀಕ್ಷಿಸಬೇಡಿ. ಸಂಕ್ಷಿಪ್ತ ವಿಚಾರಣೆಯಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 286ನೇ ಕಲಮಿನಂತೆ ಭರ್ತಿ ಮಾಡುವುದು ಕೆಲವೇ ವಿವರ: ಕ್ರಮಸಂಖ್ಯೆ, ಅಪರಾಧ ನಡೆದ ದಿನ, ದೂರಿನ ದಿನ, ದೂರುದಾರ, ಆರೋಪಿಯ ಹೆಸರು-ತಂದೆ-ವಾಸ, ಅಪರಾಧ, ಅವನ ಉತ್ತರ, ನಿರ್ಣಯ, ಶಿಕ್ಷೆ, ಮುಗಿದ ದಿನ. ಒಂದೇ ಹಾಳೆ. ಮನುಷ್ಯ ಅವನೇ ಹೌದೋ ಅಲ್ಲವೋ ತಿಳಿಯಲು ಮೊದಲು ನೋಡಬೇಕಾದದ್ದು ತಂದೆಯ ಹೆಸರು, ವಾಸದ ಆ ಒಂದು ಸಾಲು.

ಕಡತದಲ್ಲಿ ಎಲ್ಲರೂ ಮೊದಲು ಹುಡುಕುವುದು ಊದಿಸಿದ ಯಂತ್ರದ ಚೀಟಿಯನ್ನು. ಅಂಗೈಗಿಂತ ಸಣ್ಣ ಕಾಗದ. ಯಂತ್ರದ ಸಂಖ್ಯೆ, ದಿನ, ವೇಳೆ, ಅಳತೆ, ಕೆಳಗೆ ಸಹಿ. ಅಂಗಡಿ ಬಿಲ್ಲಿನಂತೆ ಬಿಸಿಯಿಂದ ಅಚ್ಚಾಗುವ ಕಾಗದವಾದ್ದರಿಂದ ವರ್ಷ ಕಳೆದಂತೆ ಅಕ್ಷರ ಮಾಸುತ್ತದೆ. ಮೂರು ವರ್ಷದ ಹಳೆಯ ಕಡತದಲ್ಲಿ ಬರೀ ಬಿಳಿ ಚೂರು ಪಿನ್ನಿನಲ್ಲಿ ಸಿಕ್ಕಿಕೊಂಡಿರುವುದು ಮಾಮೂಲು. ಪಕ್ಕದಲ್ಲೇ ಅದರ ಜೆರಾಕ್ಸ್ ಇಟ್ಟಿದ್ದಾರೆಯೇ ನೋಡಿ, ಇದ್ದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ. ಅಳತೆ ಓದುವಾಗಲೂ ಎಚ್ಚರ: ಒಂದು ಯಂತ್ರ 85 ಎಂದು ಮಿಲಿಗ್ರಾಂನಲ್ಲಿ ಅಚ್ಚು ಹಾಕುತ್ತದೆ, ಇನ್ನೊಂದು 0.085 ಎಂದು ಶೇಕಡಾದಲ್ಲಿ. ಎರಡೂ ಒಂದೇ, ಮಿತಿಯ ಸುಮಾರು ಮೂರು ಪಟ್ಟು. ಅಪಘಾತದ ಕೇಸಿನಲ್ಲಿ ರಕ್ತ ಪರೀಕ್ಷೆ ಆಗಿದ್ದರೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬೇರೆಯೇ ಇರುತ್ತದೆ. ಇಂಥದೊಂದು ಪ್ರಾದೇಶಿಕ ಪ್ರಯೋಗಾಲಯ ದಾವಣಗೆರೆಯಲ್ಲೇ ಇದೆ. ವರದಿ ತಡವಾಗಿ ಬರುವುದರಿಂದ ದೋಷಾರೋಪ ಪಟ್ಟಿಯ ಜೊತೆ ಕಾಣದಿದ್ದರೆ ನಂತರ ಸಲ್ಲಿಸಿದ ಕಾಗದಗಳಲ್ಲಿ ಹುಡುಕಬೇಕು.

ಲೈಸೆನ್ಸ್ ಅಮಾನತಾಗಿದೆಯೇ ಎಂಬುದು ಮಾತ್ರ ಈ ಕಡತದಲ್ಲಿ ಸಿಗದಿರಬಹುದು. ಮೋಟಾರು ವಾಹನ ಕಾಯ್ದೆಯ 206ನೇ ಕಲಮಿನಡಿ ಪೊಲೀಸರು ವಶಪಡಿಸಿಕೊಂಡ ಲೈಸೆನ್ಸ್ ಆರ್‌ಟಿಒಗೆ ಹೋಗುತ್ತದೆ, ಮೊದಲ ಸಲಕ್ಕೆ 3 ತಿಂಗಳ ಅನರ್ಹತೆಯ ಆದೇಶ ಅಲ್ಲಿಂದ ಬರುತ್ತದೆ. ಅದು ಆರ್‌ಟಿಒ ಕಚೇರಿಯ ಪ್ರತ್ಯೇಕ ಕಡತ.

ನಕಲು ಕೈಗೆ ಬಂದಾಗ ಕೊನೆಯ ಹಾಳೆಯ ಹಿಂಬದಿಯನ್ನು ತಿರುಗಿಸಿ ನೋಡಿ. ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಮುದ್ರೆಯ ಚೌಕದೊಳಗೆ ಕೈಬರಹದಲ್ಲಿರುತ್ತವೆ. ಶಿಕ್ಷೆಯ ವಿರುದ್ಧ ಸತ್ರ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು ಇರುವುದು 30 ದಿನ. ನಕಲಿಗಾಗಿ ಕಾದ ದಿನಗಳನ್ನು ಆ 30 ದಿನದಲ್ಲಿ ಎಣಿಸದೆ ಬಿಡುವುದು ಈ ದಿನಾಂಕಗಳ ಲೆಕ್ಕದಲ್ಲೇ. ಒಂದು ದಿನಾಂಕ ಬಿಟ್ಟುಹೋಗಿದ್ದರೂ ಕೌಂಟರಿನಿಂದ ಕದಲುವ ಮೊದಲೇ ಬರೆಸಿಕೊಳ್ಳಿ.