ಜನ ಬರಲ್ಲ ಅಂದವರು ಮೈದಾನ ಮುಚ್ಚಿದ್ದರು

ಮಂಡ್ಯದ ಕಡೆ ನಾಟಿ ಶುರುವಾದರೆ ಕೂಲಿಯ ಮಾತು ಎರಡು ಲೆಕ್ಕದಲ್ಲೇ ನಡೆಯುತ್ತದೆ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು. ಸಮಾನ ವೇತನ ಕಾಯ್ದೆ ಬಂದಿದ್ದು 1976ರಲ್ಲೇ. ಕೆಸರಲ್ಲಿ ದಿನವಿಡೀ ಸೊಂಟ ಬಗ್ಗಿಸುವವರು ಹೆಂಗಸರು. ಆದರೂ ಕೇಳಿದರೆ, ‘ಗಂಡಸರದ್ದು ಭಾರದ ಕೆಲಸ’ ಅನ್ನುತ್ತಾರೆ. ಫುಟ್‌ಬಾಲ್‌ನಲ್ಲೂ ಇಂಥದ್ದೇ ಒಂದು ಸಿದ್ಧ ಉತ್ತರವಿದೆ: ‘ಹೆಣ್ಮಕ್ಕಳ ಆಟಕ್ಕೆ ಜನ ಬರಲ್ಲ, ದುಡ್ಡು ಎಲ್ಲಿಂದ ತರೋದು?’

ಜನ ಬರುತ್ತಿದ್ದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಲೇಡೀಸ್ ತಂಡದ ಆಟ ನೋಡಲು ಸುಮಾರು 53 ಸಾವಿರ ಜನ ಸೇರಿದ್ದರು. ಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಗೆ ಸೇರಿದ್ದ ಹುಡುಗಿಯರು ಕಟ್ಟಿದ ತಂಡ ಅದು. ಇದಾಗಿ ವರ್ಷವೂ ತುಂಬಿರಲಿಲ್ಲ. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಈ ಆಟ ಹೆಂಗಸರಿಗೆ ತಕ್ಕದ್ದಲ್ಲ ಎಂದು ಹೇಳಿ ತನ್ನ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿಬಿಟ್ಟಿತು. ಸುಮಾರು 50 ವರ್ಷ! ಬ್ರೆಜಿಲ್‌ನಲ್ಲೂ 1941ರಿಂದ 1979ರವರೆಗೆ ನಿಷೇಧ. ಎರಡು ತಲೆಮಾರು ಆಡಲು ಬಿಡದೆ, ಆಮೇಲೆ ಜನ ಎಲ್ಲಿ ಅಂತ ಕೇಳುವುದು ಯಾವ ನ್ಯಾಯ?

ಗಂಡಸರ ವಿಶ್ವಕಪ್ ಶುರುವಾಗಿದ್ದು 1930ರಲ್ಲಿ, ಹೆಂಗಸರದ್ದು 1991ರಲ್ಲಿ. ಅವರಿಗೆ ಬಹುಮಾನದ ಹಣ ಅಂತ ಬಂದಿದ್ದು 2007ರಲ್ಲಿ. 2014ರಲ್ಲಿ ಗೆದ್ದ ಜರ್ಮನಿ ಗಂಡಸರಿಗೆ 3.5 ಕೋಟಿ ಡಾಲರ್, ಮರುವರ್ಷ ಗೆದ್ದ ಅಮೆರಿಕದ ಹೆಂಗಸರಿಗೆ 20 ಲಕ್ಷ. ಹೆಂಗಸರ ಆ ಫೈನಲ್ ನೋಡಿದಷ್ಟು ಜನ ಅಮೆರಿಕದಲ್ಲಿ ಅಲ್ಲಿಯವರೆಗೆ ಯಾವ ಫುಟ್‌ಬಾಲ್ ಪಂದ್ಯವನ್ನೂ ಟಿವಿಯಲ್ಲಿ ನೋಡಿರಲಿಲ್ಲ.

2019ರ ಮಹಿಳಾ ದಿನದಂದು ಅಮೆರಿಕ ತಂಡದ 28 ಆಟಗಾರ್ತಿಯರು ಸಮಾನ ವೇತನ ಕೇಳಿ ತಮ್ಮ ಫುಟ್‌ಬಾಲ್ ಸಂಸ್ಥೆಯ ಮೇಲೇ ಕೇಸು ಹಾಕಿದರು. ಒಟ್ಟು ಹಣ ಹೆಂಗಸರಿಗೇ ಜಾಸ್ತಿ ಸಂದಿದೆ ಅಂತ 2020ರಲ್ಲಿ ನ್ಯಾಯಾಧೀಶರು ವೇತನದ ವಾದವನ್ನು ತಳ್ಳಿಹಾಕಿದರು. ನನಗೆ ಇದು ಒಪ್ಪುವ ಮಾತಲ್ಲ. ಆ ವರ್ಷಗಳಲ್ಲಿ ಅವರು 2015, 2019ರ ಎರಡು ವಿಶ್ವಕಪ್ ಗೆದ್ದಿದ್ದರು, ಗಂಡಸರ ತಂಡ 2018ರ ಕಪ್‌ಗೆ ಅರ್ಹತೆಯನ್ನೇ ಪಡೆದಿರಲಿಲ್ಲ. ಜಾಸ್ತಿ ದುಡಿದು ಜಾಸ್ತಿ ಪಡೆದರೆ ಕೂಲಿಯ ದರ ಸಮ ಆಯ್ತು ಅಂತಲ್ಲ ಅಲ್ವಾ? ಕೊನೆಗೆ 2022ರಲ್ಲಿ 2.4 ಕೋಟಿ ಡಾಲರ್‌ಗೆ ರಾಜಿಯಾಯಿತು, ದರವೂ ಸಮವಾಯಿತು. ಅದೇ ವರ್ಷ ಬಿಸಿಸಿಐ ಕೂಡ ಪಂದ್ಯದ ಶುಲ್ಕವನ್ನು ಇಬ್ಬರಿಗೂ ಸಮ ಮಾಡಿತು. ಟೆಸ್ಟ್‌ಗೆ 15 ಲಕ್ಷ ರೂಪಾಯಿ. ವರ್ಷದ ಒಪ್ಪಂದದ ಹಣದಲ್ಲಿ ಮಾತ್ರ ಅಂತರ ಹಾಗೇ ಉಳಿಯಿತು.

ಮೈಸೂರಿನಲ್ಲಿ ನಮ್ಮ ಮನೆ ಹತ್ತಿರದ ಮೈದಾನಕ್ಕೆ ಸಂಜೆ ಏಳೆಂಟು ಹುಡುಗಿಯರು ಬರುತ್ತಾರೆ. ಹುಡುಗರ ಆಟ ಮುಗಿಯುವ ತನಕ ಬೇಲಿ ಪಕ್ಕ ಚೆಂಡು ತಟ್ಟುತ್ತಾ ಕಾಯುತ್ತಾರೆ. ಅವರ ಸರದಿ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ.