ಆಪಲ್ ಕಂಪನಿ ಛಲೋನೇ, ಷೇರು?

"ಮಾಮಾ, ಆಪಲ್ ಷೇರು ಈಗ ತಗೊಂಡ್ರ ಛಲೋನಾ?"

ಅಕ್ಕನ ಮಗ ಇದನ್ನು ಕೇಳಿದ್ದು ಡೊಂಬಿವಲಿಯಿಂದ ಹೊರಟ ಲೋಕಲ್‌ನಲ್ಲಿ. ಅವತ್ತು ಭಾನುವಾರ. ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಇತ್ತು, ಹಳಿ ರಿಪೇರಿಯ ಮೆಗಾಬ್ಲಾಕ್ ಕೃಪೆಯಿಂದ ಗಾಡಿ ನಿಂತು ನಿಂತು ಹೋಗುತ್ತಿತ್ತು. ಅವನ ಕೈಯಲ್ಲಿ ಐಫೋನ್, ಐಫೋನಿನಲ್ಲಿ ಅಮೆರಿಕದ ಷೇರು ಕೊಳ್ಳುವ ಆಪ್, ಆ ಫೋನಿನ ಇಎಂಐ ಇನ್ನೂ ನಾಲ್ಕು ತಿಂಗಳು ಬಾಕಿ. 2023ರ ಏಪ್ರಿಲ್ 18ರಂದು ಬಿಕೆಸಿಯಲ್ಲಿ ಆಪಲ್ ಅಂಗಡಿ ಶುರುವಾದಾಗ ಸಾಲಲ್ಲಿ ನಿಂತವರಲ್ಲಿ ಇವನೂ ಒಬ್ಬ. ಕಂಪನಿಯ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ತಾವೇ ಬಾಗಿಲು ತೆರೆದರು. ಹಿಂದಿನ ದಿನವಷ್ಟೇ ಮಾಧುರಿ ದೀಕ್ಷಿತ್ ಜೊತೆ ವಡಾಪಾವ್ ತಿಂದಿದ್ದರು. ಇಷ್ಟೆಲ್ಲಾ ಆದಮೇಲೆ ಮುಂಬೈ ಹುಡುಗರಿಗೆ ಅದು ಪರದೇಶದ ಕಂಪನಿ ಅಂತ ಅನ್ನಿಸುತ್ತಾ?

ಹೂಂ ಅಥವಾ ಉಹೂಂ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಈ ಪ್ರಶ್ನೆಗೆ ನಲವತ್ತೈದು ವರ್ಷ ವಯಸ್ಸಾಗಿದೆ, ಐದಾರು ವರ್ಷಕ್ಕೊಮ್ಮೆ ಯಾರೋ ಕೇಳುತ್ತಲೇ ಬಂದಿದ್ದಾರೆ, ಬಲ್ಲವರು ಕೊಟ್ಟ ಉತ್ತರ ಎಷ್ಟೋ ಸಲ ತಲೆಕೆಳಗಾಗಿದೆ. ಗಾಡಿ ಹೇಗೂ ಠಾಣೆ ದಾಟಿರಲಿಲ್ಲ. ಹೇಳುತ್ತಾ ಹೋದೆ.

ಕಂಪನಿ ಹುಟ್ಟಿದ್ದು 1976ರ ಏಪ್ರಿಲ್ 1ರಂದು. ಸ್ಟೀವ್ ಜಾಬ್ಸ್, ಸ್ಟೀವ್ ವೋಜ್ನಿಯಾಕ್ ಜೊತೆ ಇನ್ನೊಬ್ಬರಿದ್ದರು, ರೊನಾಲ್ಡ್ ವೇನ್. ಅವರಿಗೆ ನೂರಕ್ಕೆ ಹತ್ತು ಪಾಲು. ಕೆಲವೇ ದಿನಗಳಲ್ಲಿ ಅದನ್ನು 800 ಡಾಲರ್‌ಗೆ ಬಿಟ್ಟುಕೊಟ್ಟರು. ಎಲ್ಲರೂ ಅವರನ್ನು ನೋಡಿ ನಗುತ್ತಾರೆ. ನನಗೇನೋ ನಗು ಬರುವುದಿಲ್ಲ. ಮೂವರಲ್ಲಿ ಕೈಯಲ್ಲಿ ನಾಲ್ಕು ಕಾಸು ಇದ್ದದ್ದು ಅವರಿಗೊಬ್ಬರಿಗೇ, ಕಂಪನಿ ಮುಳುಗಿದರೆ ಸಾಲಗಾರರು ಬರುವುದು ಅವರ ಮನೆಗೇ. ನಮ್ಮಪ್ಪನೂ ಹಾಗೇ ಮಾಡುತ್ತಿದ್ದರು.

1980ರ ಡಿಸೆಂಬರ್ 12ರಂದು ಷೇರು ಮಾರುಕಟ್ಟೆಗೆ ಬಂತು, ಒಂದಕ್ಕೆ 22 ಡಾಲರ್. ಅಲ್ಲಿಂದ ಐದು ಸಲ ಷೇರು ಒಡೆದಿದೆ: 1987, 2000, 2005ರಲ್ಲಿ ಒಂದಕ್ಕೆ ಎರಡು, 2014ರಲ್ಲಿ ಒಂದಕ್ಕೆ ಏಳು, 2020ರಲ್ಲಿ ಒಂದಕ್ಕೆ ನಾಲ್ಕು. ಗುಣಿಸಿದರೆ ಅವತ್ತಿನ ಒಂದು ಷೇರು ಇವತ್ತು 224. ಅಂದರೆ ಆ 22 ಡಾಲರ್ ಇವತ್ತಿನ ಲೆಕ್ಕದಲ್ಲಿ ಹತ್ತು ಸೆಂಟ್. "ಅವತ್ತು ಸಾವಿರ ಡಾಲರ್ ಹಾಕಿದ್ದರೆ ಇವತ್ತು ಎಷ್ಟು ಗೊತ್ತಾ" ಅಂತ ವಾಟ್ಸಾಪ್‌ನಲ್ಲಿ ಸುತ್ತುವ ಲೆಕ್ಕ ಬರುವುದು ಇಲ್ಲಿಂದಲೇ.

ಆ ಲೆಕ್ಕ ಸುಳ್ಳಲ್ಲ. ಆದರೆ ನಡುವೆ ಏನಾಯಿತು ಅಂತ ಅದು ಹೇಳುವುದಿಲ್ಲ. 1985ರಲ್ಲಿ ಜಾಬ್ಸ್ ಕಂಪನಿ ಬಿಟ್ಟರು. 1996 ಮತ್ತು 1997, ಎರಡೇ ವರ್ಷದಲ್ಲಿ ಸುಮಾರು 180 ಕೋಟಿ ಡಾಲರ್ ನಷ್ಟ. 1997ರ ಜುಲೈನಲ್ಲಿ ಷೇರು 13 ಡಾಲರ್ ಆಸುಪಾಸು ಇತ್ತು. 1987ರಲ್ಲಿ ಒಂದು ಎರಡಾಗಿತ್ತಲ್ಲ, ಹಾಗಾಗಿ ಮೊದಲ ದಿನ 22 ಕೊಟ್ಟವನ ಕೈಯಲ್ಲಿ 26. ಹದಿನಾರು ವರ್ಷ ಕಾದದ್ದಕ್ಕೆ! ನಡುವೆ ಸ್ವಲ್ಪ ಡಿವಿಡೆಂಡ್ (ಕಂಪನಿ ಹಂಚುವ ಲಾಭದ ಪಾಲು) ಬಂದಿತ್ತು ಅನ್ನಿ, ಆದರೂ ಅಂಚೆ ಕಚೇರಿಯಲ್ಲಿ ಇಟ್ಟಿದ್ದರೆ ಜಾಸ್ತಿ ಸಿಗುತ್ತಿತ್ತು. ದಿವಾಳಿಗೆ ಮೂರು ತಿಂಗಳಷ್ಟೇ ಬಾಕಿ ಇತ್ತು ಅಂತ ಮುಂದೆ ಜಾಬ್ಸ್ ಅವರೇ ಹೇಳಿದರು. ಅದೇ ಆಗಸ್ಟ್‌ನಲ್ಲಿ 15 ಕೋಟಿ ಡಾಲರ್ ಹಾಕಿ ಕೈ ಹಿಡಿದದ್ದು ಯಾರು ಅಂದರೆ ಎದುರಾಳಿ ಮೈಕ್ರೋಸಾಫ್ಟ್. ನಾನಾಗಿದ್ದರೆ ಮುಚ್ಚಿ, ದುಡ್ಡು ಷೇರುದಾರರಿಗೆ ವಾಪಸ್ ಕೊಡುತ್ತಿದ್ದೆ ಅಂತ ಡೆಲ್ ಕಂಪ್ಯೂಟರ್ ಕಂಪನಿಯ ಮೈಕಲ್ ಡೆಲ್ ಅಂದದ್ದೂ ಆ ವರ್ಷವೇ. ಅವತ್ತು ಅದು ಹುಚ್ಚು ಮಾತಾಗಿ ಕೇಳಿಸಲಿಲ್ಲ. ಜಾಬ್ಸ್ ವಾಪಸ್ ಬಂದು ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ, 2000ದ ಸೆಪ್ಟೆಂಬರ್ 29ರಂದು ಒಂದೇ ದಿನದಲ್ಲಿ ಷೇರು ಅರ್ಧಕ್ಕಿಂತ ಕೆಳಗೆ ಬಿತ್ತು. ಇದನ್ನೆಲ್ಲಾ ನೋಡಿಕೊಂಡು ಸುಮ್ನೆ ಕೂತವನಿಗೆ ಮಾತ್ರ ಆ ವಾಟ್ಸಾಪ್ ದುಡ್ಡು. ನಾನಂತೂ ಕೂರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಇದಕ್ಕೊಂದು ಹಳೆಯ ಗಾಯವೂ ಇದೆ. ಅಪ್ಪ ಫೋರ್ಟ್‌ನಲ್ಲಿ ಗುಮಾಸ್ತರಾಗಿದ್ದರು, ಊಟದ ಬಿಡುವಿನಲ್ಲಿ ದಲಾಲ್ ಸ್ಟ್ರೀಟ್ ಕಡೆ ಒಂದು ಸುತ್ತು ಹಾಕುವ ಚಟ. ಆಗ ಮನೆಮನೆಯಲ್ಲೂ ಕಾಣುತ್ತಿದ್ದ ಒಂದು ಟಿವಿ ಕಂಪನಿಯ ಷೇರು ತಗೊಂಡರು. ಹೆಸರು ಬೇಡ ಬಿಡಿ. ಟಿವಿ ಒಳ್ಳೆಯದೇ ಇತ್ತು, ನಮ್ಮ ಮನೆಯಲ್ಲೇ ಹದಿನಾಲ್ಕು ವರ್ಷ ಬಾಳಿತು. ಕಂಪನಿ ಬಾಳಲಿಲ್ಲ. ಆ ಷೇರು ಸರ್ಟಿಫಿಕೇಟುಗಳು ಈಗಲೂ ಟ್ರಂಕಿನಲ್ಲಿವೆ, ಒಂದರ ಹಿಂಬದಿಯಲ್ಲಿ ಅವ್ವ ಹಾಲಿನ ಲೆಕ್ಕ ಬರೆದಿದ್ದಾಳೆ.

ಜನ ಕೈಯಲ್ಲಿ ಹಿಡಿದು ಬಳಸುವ ಯಂತ್ರ ಮಾಡುವ ಕಂಪನಿಗಳಿಗೆಲ್ಲ ಇದೇ ಭಯ. ಇವತ್ತು ಮುದ್ದು, ನಾಳೆ ರದ್ದಿ. ನೋಕಿಯಾ ಇಲ್ಲದ ಕಿಸೆ ಇತ್ತಾ ಒಂದು ಕಾಲಕ್ಕೆ? 2014ರಲ್ಲಿ ಅದರ ಫೋನ್ ವ್ಯವಹಾರ ಮೈಕ್ರೋಸಾಫ್ಟ್ ಪಾಲಾಯಿತು. ಬ್ಲ್ಯಾಕ್‌ಬೆರಿಯ ಕತೆಯೂ ಬೇರೆಯಲ್ಲ. 2007ರಲ್ಲಿ ಐಫೋನ್ ಬಂತು, 2008ರ ಆಗಸ್ಟ್‌ನಲ್ಲಿ ಭಾರತಕ್ಕೂ ಬಂತು, 31 ಸಾವಿರ ರೂಪಾಯಿಗೆ, ಆಗ ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದೆವು. 2011ರ ಅಕ್ಟೋಬರ್ 5ರಂದು ಜಾಬ್ಸ್ ತೀರಿಕೊಂಡರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಷೇರು 700 ಡಾಲರ್ ದಾಟಿತು, 2013ರ ಏಪ್ರಿಲ್‌ಗೆ 400ರ ಕೆಳಗೆ ಬಂತು (2014, 2020ರಲ್ಲಿ ಷೇರು ಒಡೆಯುವ ಮುಂಚಿನ ಬೆಲೆ ಇದು). ಜಾಬ್ಸ್ ಇಲ್ಲದ ಆಪಲ್ ಇನ್ನೊಂದು ನೋಕಿಯಾ ಅಂತಲೇ ಪೇಟೆ ತೀರ್ಮಾನ ಮಾಡಿದಂತಿತ್ತು.

ನನ್ನ ಪ್ರಕಾರ ಇಡೀ ಕತೆಯಲ್ಲಿ ತಿಳಿದುಕೊಳ್ಳಬೇಕಾದ ಜಾಗ ಇದೇ. ಮುಂಬೈಯವರಿಗೆ ಇದು ಬೇಗ ಅರ್ಥವಾಗುತ್ತದೆ. ಡೊಂಬಿವಲಿಯಲ್ಲಿ 60 ಲಕ್ಷದ ಒಂದು ಫ್ಲ್ಯಾಟ್ ಇದೆ ಅನ್ನಿ, ಬಾಡಿಗೆ ತಿಂಗಳಿಗೆ 15 ಸಾವಿರ, ವರ್ಷಕ್ಕೆ 1 ಲಕ್ಷ 80 ಸಾವಿರ. ಕೊಟ್ಟ ದುಡ್ಡು ಬಾಡಿಗೆಯಲ್ಲೇ ವಾಪಸ್ ಬರಲು 33 ವರ್ಷ ಬೇಕು. ಷೇರಿಗೂ ಇದೇ ಲೆಕ್ಕ. ಒಂದು ಷೇರಿನ ಪಾಲಿಗೆ ವರ್ಷಕ್ಕೆ ಬರುವ ಲಾಭ ಅಂದರೆ ಬಾಡಿಗೆ, ಷೇರಿನ ಬೆಲೆ ಅಂದರೆ ಫ್ಲ್ಯಾಟಿನ ಬೆಲೆ. ಇದನ್ನೇ ಪೇಟೆಯವರು ಪಿಇ ಅನ್ನುತ್ತಾರೆ. 2013ರಲ್ಲಿ ಆಪಲ್ ಸುಮಾರು ಹತ್ತು ವರ್ಷದ ಬಾಡಿಗೆಗೆ ಸಿಗುತ್ತಿತ್ತು. ಪ್ರಪಂಚದಲ್ಲೇ ಅತಿ ಹೆಚ್ಚು ಲಾಭ ಮಾಡುವ ಕಂಪನಿಗಳಲ್ಲಿ ಒಂದು, ಹತ್ತು ವರ್ಷದ ಬಾಡಿಗೆಗೆ! ಹೆಚ್ಚಿನವರು ಮೂಸಿ ನೋಡಿ ಮುಂದೆ ಹೋದರು.

ನಿಂತು ನೋಡಿದವರಲ್ಲಿ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಒಂದು. ತಂತ್ರಜ್ಞಾನ ನನಗೆ ಅರ್ಥವಾಗಲ್ಲ ಅಂತ ದೂರ ಇದ್ದ ಮನುಷ್ಯ. 2016ರಲ್ಲಿ ಅವರ ಕಂಪನಿ ಆಪಲ್ ಷೇರು ಕೊಂಡ ಸುದ್ದಿ ಬಂತು. ಇದು ಯಂತ್ರದ ಕಂಪನಿಗಿಂತ ಜನರ ಅಭ್ಯಾಸದ ಕಂಪನಿ ಅನ್ನುವುದು ಅವರ ಲೆಕ್ಕಾಚಾರ. ಒಮ್ಮೆ ಐಫೋನ್ ಹಿಡಿದವರು, ಫೋಟೋ, ಮೆಸೇಜು, ವಾಚು ಎಲ್ಲ ಅದಕ್ಕೇ ಅಂಟಿಕೊಂಡವರು, ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ. ನೋಕಿಯಾ ಬಿಡುವಾಗ ನಾವೇನು ಕಳೆದುಕೊಂಡೆವು? ಹಾವಿನ ಆಟ, ಅಷ್ಟೇ.

ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯುತ್ತಿತ್ತು. ಕಂಪನಿ ತನ್ನ ಲಾಭದಲ್ಲಿ ತನ್ನದೇ ಷೇರುಗಳನ್ನು ಪೇಟೆಯಿಂದ ಕೊಂಡು ರದ್ದು ಮಾಡತೊಡಗಿತು. ಊರಲ್ಲಿ ಹತ್ತು ಜನ ಅಣ್ಣತಮ್ಮಂದಿರ ಹೊಲ ಇದೆ ಅಂದುಕೊಳ್ಳಿ. ಹೊಲದ ಫಸಲಿನ ದುಡ್ಡಲ್ಲೇ ನಾಲ್ವರ ಪಾಲು ಬಿಡಿಸಿಕೊಂಡರೆ, ಹೊಲ ಅಷ್ಟೇ ಇದ್ದರೂ ಉಳಿದ ಆರು ಜನಕ್ಕೆ ಒಬ್ಬೊಬ್ಬರ ಪಾಲು ದೊಡ್ಡದಾಗುತ್ತದೆ. ಇವತ್ತಿನ ಲೆಕ್ಕದಲ್ಲಿ 2013ರಲ್ಲಿ ಸುಮಾರು 2,600 ಕೋಟಿ ಷೇರು ಇದ್ದವು, ಈಗ 1,500 ಕೋಟಿಗಿಂತ ಕಮ್ಮಿ.

ಇಲ್ಲಿಗೆ ಗಾಡಿ ಘಾಟ್‌ಕೋಪರ್ ಬಿಟ್ಟಿತ್ತು. "ಅಂದ್ರ ತಗೋಬೇಕು ಅಂತಾತಲ್ಲ ಮಾಮಾ" ಅಂದ ಹುಡುಗ. ತಡಿಯಪ್ಪಾ ಅಂದೆ.

ಆಪಲ್‌ನ ಲೆಕ್ಕದ ವರ್ಷ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. 2022ರಲ್ಲಿ ಅದರ ವ್ಯಾಪಾರ 394 ಬಿಲಿಯನ್ ಡಾಲರ್ (ಒಂದು ಬಿಲಿಯನ್ ಅಂದರೆ ನೂರು ಕೋಟಿ), 2023ರಲ್ಲಿ 383, 2024ರಲ್ಲಿ 391. ಎರಡು ವರ್ಷದಲ್ಲಿ ಎಳ್ಳಷ್ಟೂ ಬೆಳೆಯಲಿಲ್ಲ. ಷೇರೊಂದರ ಲಾಭ 2022ರಲ್ಲಿ 6.11 ಡಾಲರ್, 2024ರಲ್ಲಿ 6.08. ಅದೇ ಎರಡು ವರ್ಷದಲ್ಲಿ ಷೇರಿನ ಬೆಲೆ ಮಾತ್ರ 138ರಿಂದ 233 ಡಾಲರ್‌ಗೆ ಹೋಯಿತು! 2024ರಲ್ಲಿ ಯುರೋಪಿನ ಹಳೆಯ ತೆರಿಗೆ ಬಾಕಿ ಒಮ್ಮೆಲೇ ಕಟ್ಟಬೇಕಾಗಿ ಬಂತು, ಅದನ್ನು ಬಿಟ್ಟು ಲೆಕ್ಕ ಹಾಕಿದರೂ 6.75. ಅಂದರೆ ಬಾಡಿಗೆ ಹತ್ತಿರಹತ್ತಿರ ಅಷ್ಟೇ ಇತ್ತು, ಫ್ಲ್ಯಾಟಿನ ಬೆಲೆ 22 ವರ್ಷದ ಬಾಡಿಗೆಯಿಂದ 34ಕ್ಕೆ ಏರಿತು. ಬದಲಾದದ್ದು ಕೊಳ್ಳುವವರ ಮನಸ್ಸು. ಅದು ಏರಿದ ಹಾಗೇ ಇಳಿಯಲೂಬಹುದು, ಅಲ್ವಾ?

2025ರಲ್ಲಿ ವ್ಯಾಪಾರ ಮತ್ತೆ ಚೇತರಿಸಿಕೊಂಡಿತು, ಅದನ್ನೂ ಹೇಳಬೇಕು. 416 ಬಿಲಿಯನ್, ಷೇರೊಂದರ ಲಾಭ 7.46. ಅಕ್ಟೋಬರ್‌ನಲ್ಲಿ ಇಡೀ ಕಂಪನಿಯ ಬೆಲೆ ನಾಲ್ಕು ಟ್ರಿಲಿಯನ್ ಡಾಲರ್ (ಒಂದು ಟ್ರಿಲಿಯನ್ ಅಂದರೆ ಸಾವಿರ ಬಿಲಿಯನ್) ಮುಟ್ಟಿತು. ಆ 416 ಬಿಲಿಯನ್ ವ್ಯಾಪಾರದಲ್ಲಿ 109 ಬಿಲಿಯನ್ ಬಂದದ್ದು ಆಪ್ ಸ್ಟೋರ್, ಐಕ್ಲೌಡ್, ಚಂದಾ ಇಂಥ ಸೇವೆಗಳಿಂದ. ನಿಜವಾದ ಬೆಣ್ಣೆ ಅದೇ. ಫೋನು, ಕಂಪ್ಯೂಟರ್ ಮಾರಿದರೆ ನೂರಕ್ಕೆ ಮೂವತ್ತೇಳರಷ್ಟು ಉಳಿದರೆ, ಸೇವೆಯಲ್ಲಿ ಎಪ್ಪತ್ತೈದು ಉಳಿಯುತ್ತದೆ.

ಆದರೆ ಆ ಬೆಣ್ಣೆಯ ಮೇಲೇ ಎಲ್ಲರ ಕಣ್ಣು. ಐಫೋನಿನ ಬ್ರೌಸರ್ ಸಫಾರಿಯಲ್ಲಿ ತನ್ನ ಹುಡುಕಾಟವನ್ನೇ ಇಡಲಿ ಅಂತ 2022ರಲ್ಲಿ ಗೂಗಲ್ ಆಪಲ್‌ಗೆ ಕೊಟ್ಟದ್ದು 20 ಬಿಲಿಯನ್ ಡಾಲರ್, ಇದು ಕೋರ್ಟಿನಲ್ಲಿ ಹೊರಬಂದ ಲೆಕ್ಕ. ಕೈ ಕಾಲು ಆಡಿಸದೆ ಬರುವ ದುಡ್ಡು. ದುಡ್ಡು ಕೊಡಬಹುದು, ಆದರೆ ಬೇರೆಯವರನ್ನು ಹೊರಗಿಡುವ ಕರಾರು ಕೂಡದು ಅಂತ 2025ರ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು, ಸದ್ಯಕ್ಕೆ ಬಚಾವ್. ಆಪ್ ಸ್ಟೋರ್ ನಿಯಮಗಳಿಗಾಗಿ ಯುರೋಪ್ ಅದೇ ವರ್ಷ 50 ಕೋಟಿ ಯೂರೋ ದಂಡ ಹಾಕಿತು. ಚೀನಾ ಕಡೆಯ ವ್ಯಾಪಾರ 2022ರಲ್ಲಿ 74 ಬಿಲಿಯನ್ ಇದ್ದದ್ದು 2025ಕ್ಕೆ 64. ಕಾರು ಮಾಡುವ ಕನಸು 2024ರಲ್ಲಿ ಕೈಬಿಟ್ಟಿತು. ಫೋನಿನಲ್ಲಿ ಮಾತಿಗೆ ಉತ್ತರ ಕೊಡುವ ಸಿರಿ ಎಐ ಜೊತೆ ಹೊಸದಾಗಿ ಬರುತ್ತದೆ ಅಂತ 2024ರ ಜೂನ್‌ನಲ್ಲಿ ತೋರಿಸಿ, ಮರುವರ್ಷ ಮಾರ್ಚ್‌ನಲ್ಲಿ ಇನ್ನೂ ತಡವಾಗುತ್ತೆ ಅಂದರು. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಸುಂಕದ ಸುದ್ದಿಗೆ ನಾಲ್ಕೇ ದಿನದಲ್ಲಿ ಷೇರು ಐದನೇ ಒಂದು ಭಾಗಕ್ಕಿಂತ ಜಾಸ್ತಿ ಕಳೆದುಕೊಂಡಿತು. ಬಫೆಟ್ ಕಂಪನಿ ಕೂಡ 2023ರ ಕೊನೆಗೆ 90 ಕೋಟಿ ಷೇರು ಇಟ್ಟಿದ್ದದ್ದು, 2024ರಲ್ಲಿ ಮಾರಿ ಮಾರಿ 30 ಕೋಟಿಗೆ ಇಳಿಸಿತು. ಕೊಂಡದ್ದನ್ನು ಹೇಳುವ ವಿಡಿಯೋಗಳು ಮಾರಿದ್ದನ್ನು ಯಾಕೋ ಹೇಳುವುದಿಲ್ಲ.

"ಆದ್ರ ನಮ್ಮ ಕಡೆನೂ ಫೋನ್ ಮಾಡ್ತಾರಲ್ಲ" ಅಂದ. ಹೌದು, ಕೋಲಾರದ ನರಸಾಪುರದಲ್ಲಿ ಟಾಟಾ, ದೇವನಹಳ್ಳಿಯಲ್ಲಿ ಫಾಕ್ಸ್‌ಕಾನ್. ಹೆಮ್ಮೆ ಪಡೋಣ. ಅದಕ್ಕೂ ಷೇರಿನ ಬೆಲೆ ಸರಿಯಾಗಿದೆಯೇ ಅನ್ನುವುದಕ್ಕೂ ಸಂಬಂಧವಿಲ್ಲ.

ನನಗೆ ಕಾಡುವುದು ಆಪಲ್ ನೋಕಿಯಾ ಆದೀತು ಅನ್ನುವ ಭಯಕ್ಕಿಂತ, ಹಳೆಯ ಮೈಕ್ರೋಸಾಫ್ಟ್ ಆದೀತು ಅನ್ನುವುದು. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಷೇರು ಇವತ್ತಿನ ಲೆಕ್ಕದಲ್ಲಿ 59 ಡಾಲರ್ ಮುಟ್ಟಿತ್ತು. ಮತ್ತೆ ಆ ಬೆಲೆ ಕಂಡದ್ದು 2016ರಲ್ಲಿ. ಆ ಮಧ್ಯೆ ಕಂಪನಿ ಮುಳುಗಿತಾ? ಇಲ್ಲ. ಲಾಭ 2000ದಲ್ಲಿ 9 ಬಿಲಿಯನ್ ಚಿಲ್ಲರೆ ಇದ್ದದ್ದು 2014ಕ್ಕೆ 22 ಆಗಿತ್ತು. ಕಂಪನಿ ದುಡಿಯುತ್ತಲೇ ಇತ್ತು, ಮೊದಲೇ ಜಾಸ್ತಿ ಕೊಟ್ಟು ಕೊಂಡವರು ಕಾಯುತ್ತಲೇ ಇದ್ದರು. ಆಪಲ್ ಈಗ ಅಷ್ಟು ದುಬಾರಿಯೇನಲ್ಲ. ಆದರೆ ಮೂವತ್ತರ ಮೇಲೆ ಪಿಇ ಕೊಟ್ಟು, 2013ರಲ್ಲಿ ಹತ್ತಕ್ಕೆ ಕೊಂಡವನಿಗೆ ಸಿಕ್ಕ ಲಾಭವೇ ನನಗೂ ಸಿಗಲಿ ಅನ್ನುವುದು ಆಗದ ಮಾತು. ಒಳ್ಳೆಯ ಕಂಪನಿ, ಸಾಧಾರಣ ಲಾಭ, ನಡುವೆ ಒಂದೆರಡು ದೊಡ್ಡ ಕುಸಿತ. ನಾನು ನಿರೀಕ್ಷಿಸುವುದು ಇಷ್ಟು.

ಇಲ್ಲಿಂದ ಕೊಳ್ಳುವವರಿಗೆ ಇನ್ನೊಂದಿಷ್ಟು ಲೆಕ್ಕ ಇದೆ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಹೊರಗೆ ಕಳಿಸಲು ರಿಸರ್ವ್ ಬ್ಯಾಂಕ್ ಬಿಡುತ್ತದೆ, ನಮಗೆ ಅದರ ಚಿಂತೆ ಇಲ್ಲ ಬಿಡಿ. ಡಿವಿಡೆಂಡ್ ಅರ್ಧ ಪರ್ಸೆಂಟೂ ಇಲ್ಲ, ಅದರಲ್ಲೂ ಕಾಲು ಭಾಗ ಅಮೆರಿಕವೇ ಹಿಡಿದುಕೊಳ್ಳುತ್ತದೆ. ಎರಡು ವರ್ಷ ದಾಟಿಸಿ ಮಾರಿದರೆ ಲಾಭದ ಮೇಲೆ ಇಲ್ಲಿ ಶೇ 12.5 ತೆರಿಗೆ. ರಿಟರ್ನ್ ತುಂಬುವಾಗ ವಿದೇಶಿ ಆಸ್ತಿ ಅಂತ ತೋರಿಸಲೇಬೇಕು, ಐದು ಸಾವಿರದ್ದಿದ್ದರೂ. ನಮ್ಮ ಕೈ ಹಿಡಿಯುವುದು ರೂಪಾಯಿಯ ಇಳಿತ: 2016ರಲ್ಲಿ ಡಾಲರ್‌ಗೆ 67 ಇದ್ದದ್ದು ಈಗ 85 ದಾಟಿದೆ, ಷೇರು ನಿಂತಲ್ಲೇ ನಿಂತಿದ್ದರೂ ರೂಪಾಯಿಯಲ್ಲಿ ಏರಿದಂತೆ ಕಾಣುತ್ತದೆ. ಅಮೆರಿಕದ ದೊಡ್ಡ ಕಂಪನಿಗಳ ಷೇರುಗಳನ್ನೆಲ್ಲ ಒಟ್ಟಿಗೆ ಕೊಳ್ಳುವ ಇಂಡೆಕ್ಸ್ ಫಂಡ್ ಇಟ್ಟುಕೊಂಡವರ ಹತ್ತಿರ ಆಪಲ್ ಹೇಗೂ ಒಂದು ಪಾಲು ಇದ್ದೇ ಇದೆ.

ಮಾಟುಂಗ ಬಂತು. ನಾಟಕಕ್ಕೆ ಇನ್ನೂ ಹೊತ್ತಿತ್ತು, ಉಡುಪಿ ಹೋಟೆಲಿನಲ್ಲಿ ಕೂತೆವು. ಅವನು ಆಪ್ ತೆಗೆದು ಐದು ಸಾವಿರ ರೂಪಾಯಿಗೆ ಆರ್ಡರ್ ಹಾಕಿಟ್ಟ, ಒಂದು ಷೇರಿನ ತುಣುಕಿಗೆ. ಆಮೇಲೆ ಕಾಫಿ ಲೋಟ ಕೆಳಗಿಟ್ಟು ಕೇಳಿದ, "ಮಾಮಾ, ನಿಮ್ಮ ಫ್ಲ್ಯಾಟು ಎಷ್ಟು ವರ್ಷದ ಬಾಡಿಗಿಗೆ ತಗೊಂಡಿದ್ರಿ?"

ನಾನು ಕೊಂಡಾಗ 45 ಲಕ್ಷ, ಆಗಿನ ಬಾಡಿಗೆ ಒಂಬತ್ತು ಸಾವಿರ. ಬಿಲ್ಲಿನ ಹಿಂದೆ ಭಾಗಿಸಿ ನೋಡಿದೆ. ನಲವತ್ತೊಂದು ಚಿಲ್ಲರೆ ಬಂತು. ಬಿಲ್ಲು ಮಡಚಿ ಕಿಸೆಗೆ ಹಾಕಿಕೊಂಡು, ನಾಟಕಕ್ಕೆ ಹೊತ್ತಾಯಿತು ಏಳು ಅಂದೆ.