ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದ್ದು ಯಾರ ಪೊಲೀಸರು?

ಓದುಗರ ಪ್ರಶ್ನೆ: ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿಸಲು ಆಜ್ಞೆ ಕೊಟ್ಟ ಬ್ರಿಟಿಷ್ ಅಧಿಕಾರಿ ಯಾರು? ಡಯರ್‌ನ ಹಾಗೆ ಅವನೂ ಶಿಕ್ಷೆಯಿಂದ ತಪ್ಪಿಸಿಕೊಂಡನೇ?

ಪ್ರತಿ ವರ್ಷ ಏಪ್ರಿಲ್ ಕೊನೆಯ ವಾರ ಹತ್ತಿರ ಬಂದಿತೆಂದರೆ ಈ ಪ್ರಶ್ನೆ ಯಾವುದಾದರೊಂದು ರೂಪದಲ್ಲಿ ಬಂದೇ ಬರುತ್ತದೆ. ಉತ್ತರವನ್ನು ಎಷ್ಟು ಸಲ ಬರೆದರೂ ಮರುವರ್ಷ ಅದೇ ಬ್ರಿಟಿಷ್ ಅಧಿಕಾರಿ ಹೊಸ ಟೊಪ್ಪಿಗೆ ಹಾಕಿಕೊಂಡು ಹಾಜರಾಗುತ್ತಾನೆ. ಆದ್ದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದವರು ಬ್ರಿಟಿಷ್ ಸರ್ಕಾರದ ಪೊಲೀಸರಲ್ಲ, ಮೈಸೂರು ಸಂಸ್ಥಾನದ ಪೊಲೀಸರು. ಅವರ ಸಂಬಳ ಮೈಸೂರಿನ ಖಜಾನೆಯಿಂದ ಬರುತ್ತಿತ್ತು, ಅವರು ಜಾರಿಗೆ ತಂದ ನಿಷೇಧಾಜ್ಞೆ ಮೈಸೂರು ಸರ್ಕಾರದ್ದು, ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್, ಸಿಂಹಾಸನದಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ಸಂಸ್ಥಾನದ ನೌಕರಿಯಲ್ಲಿ ಯಾವ ದೇಶದವರು ಎಷ್ಟು ಮಂದಿ ಇದ್ದರೆಂಬುದು ಬೇರೆ ಮಾತು. ಅವರೆಲ್ಲ ಉತ್ತರ ಹೇಳಬೇಕಾಗಿದ್ದದ್ದು ದಿವಾನರಿಗೆ.

ಇದನ್ನು ಕೇಳಿದ ಕೂಡಲೇ ಹಲವರಿಗೆ ಸಿಟ್ಟು ಬರುತ್ತದೆ. "ದಕ್ಷಿಣದ ಜಲಿಯನ್‌ವಾಲಾ ಬಾಗ್" ಎಂದು ಎಲ್ಲರೂ ಕರೆಯುತ್ತಿರುವಾಗ ಬ್ರಿಟಿಷರಿಲ್ಲದ ಜಲಿಯನ್‌ವಾಲಾ ಬಾಗ್ ಎಲ್ಲಿಂದ ಬಂತು ಎನ್ನುತ್ತಾರೆ. ತೊಡಕು ಶುರುವಾಗುವುದೇ ಆ ಹೋಲಿಕೆಯಿಂದ. 1919ರಲ್ಲಿ ಅಮೃತಸರದಲ್ಲಿ ಗುಂಡು ಹಾರಿಸಿದ್ದು ಬ್ರಿಟಿಷ್ ಭಾರತದ ಸೈನ್ಯ, ಅಪ್ಪಣೆ ಕೊಟ್ಟವನು ಅದೇ ಸೈನ್ಯದ ಅಧಿಕಾರಿ. ನಿರಾಯುಧರಾದ ಜನ ಸಭೆ ಸೇರಿದ್ದರು, ಅವರ ಮೇಲೆ ಗುಂಡು ಹಾರಿತು ಎಂಬಷ್ಟಕ್ಕೆ ಹೋಲಿಕೆ ಸರಿಯಾಗಿದೆ. ಆದರೆ ಹೆಸರಿನ ಜೊತೆಯಲ್ಲಿ ಅಲ್ಲಿನ ಡಯರ್‌ನನ್ನೂ ಇಲ್ಲಿಗೆ ಕರೆತಂದು ನಿಲ್ಲಿಸಿದೆವು. ಅಂದಿನಿಂದ ಉತ್ತರ ಪಿನಾಕಿನಿಯ ದಡದಲ್ಲಿ ಇಲ್ಲದ ಒಬ್ಬ ದೊರೆಯನ್ನು ಹುಡುಕುವುದೇ ಕೆಲಸವಾಗಿದೆ.

ಸಂಗತಿಗಳನ್ನು ಕ್ರಮವಾಗಿ ನೋಡೋಣ. 1937ರಲ್ಲಿ ಸಂಸ್ಥಾನದ ರಾಜಕೀಯ ಪಕ್ಷವಾಗಿದ್ದ ಪ್ರಜಾ ಸಂಯುಕ್ತ ಪಕ್ಷ ಕಾಂಗ್ರೆಸ್ಸಿನೊಳಗೆ ಸೇರಿದ ಮೇಲೆ ಮೈಸೂರು ಕಾಂಗ್ರೆಸ್ಸಿಗೆ ಬಲ ಬಂತು. ಅದರ ಮುಖ್ಯ ಬೇಡಿಕೆ ಜವಾಬ್ದಾರಿ ಸರ್ಕಾರ, ಅಂದರೆ ಮಂತ್ರಿಗಳು ಅರಮನೆಗಲ್ಲದೆ ಜನ ಆರಿಸಿದ ಸಭೆಗೆ ಲೆಕ್ಕ ಒಪ್ಪಿಸಬೇಕೆಂಬುದು. ಮೈಸೂರಿನಲ್ಲಿ 1881ರಿಂದಲೂ ಪ್ರಜಾಪ್ರತಿನಿಧಿ ಸಭೆ ಇತ್ತು. ಅಹವಾಲು ಹೇಳಿಕೊಳ್ಳಬಹುದಿತ್ತು, ದಿವಾನರನ್ನು ಇಳಿಸುವಂತಿರಲಿಲ್ಲ. 1938ರ ಏಪ್ರಿಲ್ ಎರಡನೆಯ ವಾರದಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಕಾಂಗ್ರೆಸ್ಸಿನ ಬಾವುಟ ಏರಿಸುವ ಧ್ವಜ ಸತ್ಯಾಗ್ರಹ ನಡೆಯಿತು. ಅದರ ಕಾವು ಆರುವ ಮೊದಲೇ ಆಗಿನ ಕೋಲಾರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನವರು ವಿದುರಾಶ್ವತ್ಥದಲ್ಲಿ ಸೇರಿದರು. ಸಭೆಗೆ ನಿಷೇಧವಿತ್ತು; ಜನ ಸೇರಿದರು; ಗುಂಡು ಹಾರಿತು. ಸತ್ತವರ ಸಂಖ್ಯೆಯ ವಿಚಾರದಲ್ಲಿ ಸರ್ಕಾರದ ಲೆಕ್ಕ ಚಿಕ್ಕದು, ಊರವರ ಲೆಕ್ಕ ಮೂವತ್ತನ್ನು ದಾಟುತ್ತದೆ.

ಈಗ ಭೂಪಟ ತೆಗೆಯಿರಿ. ಬಸ್ಸಿನಲ್ಲಿ ಹಿಂದೂಪುರಕ್ಕೆ ಹೋಗಿಬರುವ ಗೌರಿಬಿದನೂರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ: ವಿದುರಾಶ್ವತ್ಥ ದಾಟಿ ಕೆಲವೇ ಮೈಲಿ ಹೋದರೆ ಅಂಗಡಿಗಳ ಬೋರ್ಡು ತೆಲುಗಿಗೆ ತಿರುಗುತ್ತದೆ. 1938ರಲ್ಲಿ ಆ ಕಡೆಯ ಹಿಂದೂಪುರ ಅನಂತಪುರ ಜಿಲ್ಲೆಗೆ, ಅಂದರೆ ಮದರಾಸು ಪ್ರಾಂತಕ್ಕೆ, ಅಂದರೆ ನೇರವಾಗಿ ಬ್ರಿಟಿಷ್ ಭಾರತಕ್ಕೆ ಸೇರಿತ್ತು. ಬ್ರಿಟಿಷರ ಪೊಲೀಸರನ್ನು ನೋಡಲೇಬೇಕೆಂಬ ಆಸೆ ನಮ್ಮ ತಾಲ್ಲೂಕಿನವನಿಗೆ ಇದ್ದಿದ್ದರೆ ಅವನು ಒಂದೋ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟರ ಆಡಳಿತದಲ್ಲಿದ್ದ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗಬೇಕಿತ್ತು, ಇಲ್ಲವೇ ಈ ಗಡಿ ದಾಟಬೇಕಿತ್ತು. ಗಡಿ ದಾಟಿದ್ದರೆ ಅಲ್ಲಿ ಅವನಿಗೆ ಕಾಣುತ್ತಿದ್ದದ್ದಾದರೂ ಏನು? 1937ರ ಜುಲೈಯಿಂದ ಮದರಾಸಿನಲ್ಲಿ ಆಳುತ್ತಿದ್ದದ್ದು ರಾಜಾಜಿಯವರ ಕಾಂಗ್ರೆಸ್ ಮಂತ್ರಿಮಂಡಲ. ಗಡಿಯ ಆ ಕಡೆ ಚರಕದ ಬಾವುಟ ಮಂತ್ರಿಗಳ ಪಕ್ಷದ ಬಾವುಟ. ಈ ಕಡೆ ಅದೇ ಬಾವುಟ ಏರಿಸಲು ಹೊರಟವರಿಗೆ ಲಾಠಿ, ಬಂದೀಖಾನೆ, ಕೊನೆಗೆ ಗುಂಡು. ಬ್ರಿಟಿಷರೇ ಗುಂಡು ಹಾರಿಸಿದರೆಂದು ಹೇಳುವವರು ಈ ವಿಚಿತ್ರವನ್ನು ಹೇಗೆ ವಿವರಿಸುತ್ತಾರೋ ನನಗೆ ತಿಳಿಯದು.

ಘಟನೆಯ ನಂತರ ನಡೆದದ್ದೂ ಇದನ್ನೇ ಹೇಳುತ್ತದೆ. ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ನೇತೃತ್ವದಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿದ್ದು ಮೈಸೂರು ಸರ್ಕಾರ. ಸಂಧಾನಕ್ಕೆ ಬಂದ ಸರದಾರ್ ಪಟೇಲರು ಮತ್ತು ಆಚಾರ್ಯ ಕೃಪಲಾನಿಯವರು ವೈಸರಾಯರ ಬಾಗಿಲಿಗೆ ಹೋಗಲಿಲ್ಲ, ಬೆಂಗಳೂರಿಗೆ ಬಂದು ದಿವಾನರೊಡನೆ ಮಾತನಾಡಿದರು. ಮಿರ್ಜಾ–ಪಟೇಲ್ ಒಪ್ಪಂದವೆಂದು ಹೆಸರಾದ ಆ ಮಾತುಕತೆಯಿಂದ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಬಾವುಟದ ಜಗಳವೂ ಒಂದು ಹದಕ್ಕೆ ಬಂತು. ಗುಂಡು ಹಾರಿಸಿದವನು ಒಬ್ಬ, ರಾಜಿ ಮಾಡಿಕೊಂಡವನು ಇನ್ನೊಬ್ಬ ಎಂದಾಗುವುದು ಹೇಗೆ?

ಇಷ್ಟಾದ ಮೇಲೂ ಉಳಿಯುವ ಒಂದು ವಾದವಿದೆ, ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಸಂಸ್ಥಾನವೇ ಬ್ರಿಟಿಷರ ಕೈಗೊಂಬೆಯಾಗಿತ್ತಲ್ಲ, ಆದ್ದರಿಂದ ಹೊಣೆ ಅವರದೇ ಅಲ್ಲವೇ ಎಂಬುದು. ಇದಕ್ಕೆ ಉತ್ತರ ಹೇಳಬೇಕಾದರೆ 1799ಕ್ಕೆ ಹೋಗಬೇಕು. ಆ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ಗೆದ್ದವರು ನಾಡನ್ನು ಹಂಚಿಕೊಂಡು, ಉಳಿದ ನಡುಭಾಗವನ್ನು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಒಪ್ಪಿಸಿದರು. 1792ರ ಮತ್ತು 1799ರ ಹಂಚಿಕೆಗಳಲ್ಲಿ ನಿಜಾಮನಿಗೆ ಸಿಕ್ಕಿದ್ದ ಸೀಮೆಯನ್ನು ಅವನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ಅದೇ ಮುಂದೆ ದತ್ತ ಮಂಡಲವೆಂದು ಹೆಸರಾದ ಪ್ರದೇಶ. ನಮ್ಮ ಉತ್ತರದ ಗಡಿ ಹೀಗೆ ಹುಟ್ಟಿತು: ಎರಡೂ ಕಡೆ ಅದೇ ಮಣ್ಣು, ಮನೆಗಳಲ್ಲಿ ಅದೇ ತೆಲುಗು–ಕನ್ನಡದ ಬೆರಕೆ ಮಾತು, ನಡುವೆ ಯುದ್ಧದ ಲೂಟಿ ಹಂಚಿಕೊಂಡವರು ಎಳೆದ ಗೆರೆ. ಆ ಯುದ್ಧದ ಲೆಕ್ಕವೂ ಮುಗಿದಿರಲಿಲ್ಲ. ಕಂಪನಿಯ ಸೈನ್ಯದ ಖರ್ಚಿಗೆಂದು 1799ರ ಒಪ್ಪಂದದಲ್ಲಿ ಗೊತ್ತುಮಾಡಿದ ವಾರ್ಷಿಕ ಕಪ್ಪ, ನಡುವೆ ಬ್ರಿಟಿಷರು ತಾವೇ ಆಳಿದ ರಾಜ್ಯ 1881ರಲ್ಲಿ ಅರಸರಿಗೆ ಮರಳಿ ಬಂದಾಗ 35 ಲಕ್ಷ ರೂಪಾಯಿಗೆ ಏರಬೇಕೆಂದು ನಿಗದಿಯಾಯಿತು. 1927ರಲ್ಲಿ ಹತ್ತೂವರೆ ಲಕ್ಷ ಇಳಿಸಿದ್ದನ್ನೇ ದೊಡ್ಡ ಉಪಕಾರವೆಂಬಂತೆ ಸಾರಿದರು. ಟಿಪ್ಪು ಸತ್ತು 139 ವರ್ಷಗಳಾಗಿದ್ದರೂ, ವಿದುರಾಶ್ವತ್ಥಕ್ಕೆ ಬಂದ ರೈತ ಕಟ್ಟಿದ ಕಂದಾಯದಲ್ಲಿ ಒಂದಷ್ಟು ಆ ಯುದ್ಧದ ಬಾಬ್ತಿಗೇ ಹೋಗುತ್ತಿತ್ತು.

ಹೀಗಿರುವಾಗ ಬ್ರಿಟಿಷರು ನಿರಪರಾಧಿಗಳೆಂದು ನಾನೇಕೆ ಹೇಳಲಿ? ಅರಸರನ್ನು ಹೊರಗಿನ ಭಯದಿಂದಲೂ ಒಳಗಿನ ಜನರಿಂದಲೂ ಕಾಪಾಡುವ ಛತ್ರಿಯನ್ನು ಅವರೇ ಹಿಡಿದಿದ್ದರು, ಅದಕ್ಕೆ ಬಾಡಿಗೆಯನ್ನೂ ವಸೂಲು ಮಾಡಿದರು. ಆದರೆ ಛತ್ರಿ ಹಿಡಿದವನ ಹೊಣೆ ಒಂದು, ಕೆಳಗೆ ನಿಂತು ಕೋವಿಯ ಕುದುರೆ ಎಳೆದವನ ಹೊಣೆ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಅಣೆಕಟ್ಟು, ಕಾರ್ಖಾನೆ, ವಿಶ್ವವಿದ್ಯಾನಿಲಯಗಳನ್ನು ಹೆಮ್ಮೆಯಿಂದ ಮೈಸೂರಿನ ಖಾತೆಗೆ ಬರೆಯುವ ನಾವು, ಗುಂಡೇಟನ್ನು ಮಾತ್ರ ಲಂಡನ್ನಿನ ಖಾತೆಗೆ ಬರೆಯುತ್ತೇವೆ. ಅದೇ ಸರ್ಕಾರ, ಅದೇ ಅರಸರು.

ಈ ತಪ್ಪು ತಿಳಿವಳಿಕೆಗೆ ಇನ್ನೊಂದು ಕಾರಣ ಸ್ಥಳದಲ್ಲಿಯೇ ಇದೆ. ಅಲ್ಲಿಗೆ ಬರುವ ಹೆಚ್ಚಿನವರು ಅಶ್ವತ್ಥನಾರಾಯಣನ ದರ್ಶನಕ್ಕೆ, ನಾಗಪ್ರತಿಷ್ಠೆಗೆ ಬಂದವರು. 2001ರಲ್ಲಿ ಬಿದ್ದುಹೋದ ಹಳೆಯ ಅಶ್ವತ್ಥದ ಜಾಗ, ಅದರ ಸುತ್ತ ಅರಿಸಿನ ಕುಂಕುಮ ಮೆತ್ತಿಕೊಂಡು ಸಾಲುಸಾಲಾಗಿ ನಿಂತ ಸಾವಿರಾರು ನಾಗರಕಲ್ಲುಗಳು, ಇವುಗಳನ್ನೆಲ್ಲ ಸುತ್ತಿ ಬಂದು, ಬಸ್ಸಿಗೆ ಇನ್ನೂ ಹೊತ್ತಿದ್ದರೆ ಗುಂಡಿಗೆ ಬಲಿಯಾದವರ ಸ್ಮಾರಕವಾದ ವೀರಸೌಧದ ಕಡೆ ತಿರುಗುತ್ತಾರೆ. ಅಲ್ಲಿ ಮಕ್ಕಳು "ಯಾರು ಹೊಡೆದಿದ್ದು?" ಎಂದು ಕೇಳಿದರೆ, ಹಿರಿಯರು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ "ಬ್ರಿಟಿಷರು ಕಣೋ" ಎಂದು ಮುಗಿಸಿಬಿಡುತ್ತಾರೆ.

ಇಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ, ಏಕೆಂದರೆ ಮೇಲಿನ ಮಾತಿಗೆ ಇದಕ್ಕಿಂತ ಗಟ್ಟಿಯಾದ ಪುರಾವೆ ಇಲ್ಲ. ಕೋಲಾರ, ತುಮಕೂರು ಸೀಮೆಗೆ ಸ್ವಾತಂತ್ರ್ಯ ಬಂದದ್ದು ಎಂದು? 1947ರ ಆಗಸ್ಟ್ 15 ಎಂದು ಎಲ್ಲರೂ ಹೇಳುತ್ತಾರೆ. ಆ ದಿನ ಬ್ರಿಟಿಷರು ಹೊರಟದ್ದು ನಿಜ, ಮೈಸೂರು ಭಾರತ ಒಕ್ಕೂಟಕ್ಕೆ ಸೇರಲು ಒಪ್ಪಿದ್ದೂ ನಿಜ. ಆದರೆ ಜವಾಬ್ದಾರಿ ಸರ್ಕಾರ ಬರಲಿಲ್ಲ, ದಿವಾನಗಿರಿ ಹಾಗೆಯೇ ಮುಂದುವರಿಯಿತು. ಸೆಪ್ಟೆಂಬರ್ ಮೊದಲ ದಿನ ಜವಾಬ್ದಾರಿ ಸರ್ಕಾರಕ್ಕಾಗಿ "ಮೈಸೂರು ಚಲೋ" ಚಳವಳಿ ಆರಂಭವಾಯಿತು. ಮತ್ತೆ ಬಂಧನಗಳು, ಮತ್ತೆ ಗೋಲಿಬಾರು. ಮೈಸೂರಿನಲ್ಲಿ ಬಾವುಟ ಏರಿಸಲು ಹೋಗಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರಿನ ವೃತ್ತವನ್ನು ಇಂದಿಗೂ ನೋಡಬಹುದು. ಬ್ರಿಟಿಷ್ ಸರ್ಕಾರ ಕಾಲು ತೆಗೆದ ಮೇಲೂ ಬಾವುಟ ಏರಿಸಲು ಹೋದವರ ಮೇಲೆ ಸಂಸ್ಥಾನದವರೇ ಗುಂಡು ಹಾರಿಸಿದರೆಂದ ಮೇಲೆ, 1938ರ ಗುಂಡು ಯಾರದೆಂದು ಮತ್ತೆ ಕೇಳುವುದರಲ್ಲಿ ಅರ್ಥವಿದೆಯೇ?

ಅಕ್ಟೋಬರಿನಲ್ಲಿ ಆಗಿನ ಮಹಾರಾಜ ಜಯಚಾಮರಾಜ ಒಡೆಯರು ಮಣಿದರು. ಆ ತಿಂಗಳ 25ರಂದು ಮುಖ್ಯಮಂತ್ರಿಯಾದವರು ನಮ್ಮ ಕೋಲಾರ ಸೀಮೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿಯವರು. ಆದ್ದರಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಸ್ವಾತಂತ್ರ್ಯಕ್ಕೆ ಆಗಸ್ಟ್ 15, ಮೈಸೂರಿನ ಜವಾಬ್ದಾರಿ ಸರ್ಕಾರಕ್ಕೆ ಅಕ್ಟೋಬರ್ 25 ಎಂದು ಎರಡು ತಾರೀಖುಗಳನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ; ಎರಡನ್ನೂ ಕಲಸಿ ಬರೆದ ಉತ್ತರಪತ್ರಿಕೆಗೆ ನಾನಾಗಿದ್ದರೆ ಅರ್ಧ ಅಂಕ ಮಾತ್ರ ಕೊಡುತ್ತಿದ್ದೆ.